ಕಾಲಿನ ನೋವು, ಬೆನ್ನಿನ ಬೇರು

(ಮೈಸೂರಿನ ಬನ್ನಿಮಂಟಪದಲ್ಲಿ ನೀಡಿದ ಆಶೀರ್ವಚನ)



ವಿಜಯದಶಮಿಯಂದು ಅರಮನೆಯಿಂದ ಹೊರಡುವ ಜಂಬೂಸವಾರಿ ಈ ಬನ್ನಿಮಂಟಪದಲ್ಲಿ ಮುಗಿಯುತ್ತದೆ. ಸುಮಾರು 5 ಕಿಲೋಮೀಟರ್ ದಾರಿ. ಅದನ್ನು ಪ್ರತಿವರ್ಷವೂ ನಡೆದೇ ಬರುತ್ತಿದ್ದ ಹಿರಿಯರೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದು, "ಬುದ್ಧೀ, ಎಡಗಾಲು ಸೊಂಟದಿಂದ ಎಳೆಯುತ್ತದೆ. ಹಗಲು ಹೇಗೋ ಕಳೆಯುತ್ತೇನೆ, ರಾತ್ರಿ ಮಲಗಿದರೆ ತಡೆಯಲಾಗದು" ಎಂದರು.

ನಾವು ಸಂಸ್ಕೃತ ಓದಿದವರು. ಸೊಂಟದಿಂದ ಪಾದಕ್ಕಿಳಿಯುವ ನೋವಿಗೆ ಆಯುರ್ವೇದದಲ್ಲಿ ಗೃಧ್ರಸೀ ಎಂಬ ಹೆಸರುಂಟು. "ಅದೇ ಇದು, ಎಣ್ಣೆ ತಿಕ್ಕಿಸಿಕೊಳ್ಳಿ" ಎಂದುಬಿಟ್ಟೆವು. ಹೆಸರು ತಿಳಿದರೆ ರೋಗವೂ ತಿಳಿಯಿತೆಂದು ಭಾವಿಸಿದ್ದು ನಮ್ಮ ಅವಿವೇಕ. ವರ್ಷ ಕಳೆಯುವಷ್ಟರಲ್ಲಿ, ಚಪ್ಪಲಿ ಕಾಲಿನಿಂದ ಜಾರಿಹೋದರೂ ಅವರಿಗೆ ತಿಳಿಯದಾಯಿತು. ವೈದ್ಯರು ಎಂ.ಆರ್.ಐ. ಮಾಡಿಸಿದಾಗ, ಬೆನ್ನುಮೂಳೆಯೊಳಗೆ ನರದ ಬೇರಿನಲ್ಲಿ ಗಡ್ಡೆಯೊಂದು ಕಂಡಿತು.

ಕಾಲಿನ ನರಗಳು ಹೊರಡುವುದು ಬೆನ್ನಿನಿಂದ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದು, ಅಲ್ಲಿಂದ ನರಗಳು ಕುದುರೆಯ ಬಾಲದಂತೆ ಇಳಿಯುತ್ತವೆ. ಸುತ್ತಲಿನ ಮೂಳೆ ಹಿಗ್ಗದು. ಒಳಗೆ ಗಡ್ಡೆ ಬೆಳೆದರೆ ನರವೇ ನಲುಗಬೇಕು. ಗದ್ದೆಗೆ ನೀರು ಬಾರದಿದ್ದರೆ ಗದ್ದೆಯನ್ನು ಅಗೆದು ಫಲವೇನು? ತೂಬಿನಲ್ಲಿ ಏನು ಸಿಕ್ಕಿಕೊಂಡಿದೆಯೋ ನೋಡಬೇಕು.

ಇದು ಹೊಸ ಮಾತಲ್ಲ. 1887ರಲ್ಲಿ ಲಂಡನ್ನಿನ ಒಬ್ಬ ಸೇನಾಧಿಕಾರಿಯ ಕಾಲುಗಳು ಸ್ವಾಧೀನ ತಪ್ಪಿದ್ದವು. ದೋಷ ಬೆನ್ನಿನಲ್ಲಿದೆಯೆಂದು ವೈದ್ಯ ಗೋವರ್ಸ್ ನಿರ್ಣಯಿಸಿದರು. ಹಾರ್ಸ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಮೊದಲು ತೆರೆದ ಕಡೆ ಗಡ್ಡೆ ಸಿಗಲಿಲ್ಲ. ಇನ್ನೂ ಮೇಲಕ್ಕೆ ಹೋದಾಗ ಸಿಕ್ಕಿತು. ಆತ ಮತ್ತೆ ನಡೆದ.

ನಮ್ಮ ಹಿರಿಯರಿಗೂ ಶಸ್ತ್ರಚಿಕಿತ್ಸೆಯಾಯಿತು. ನೋವು ಹೋಯಿತು, ಪಾದದ ಜೋಮು ಉಳಿಯಿತು. ಬಹುಕಾಲ ನಲುಗಿದ ನರ ಪೂರ್ಣವಾಗಿ ಚೇತರಿಸಿಕೊಳ್ಳುವುದೆಂಬ ಭರವಸೆಯಿಲ್ಲ. ಆ ಒಂದು ವರ್ಷದ ಹೊಣೆ ನಮ್ಮದೂ ಹೌದು.

ಹೆದರಬೇಡಿ. ಕಾಲುನೋವೆಲ್ಲ ಗಡ್ಡೆಯಲ್ಲ, ಬೆನ್ನಿನ ಡಿಸ್ಕ್ ಜಾರಿ ಬರುವ ನೋವೇ ಹೆಚ್ಚು. ನರದ ಹೊದಿಕೆಯ ಗಡ್ಡೆಗಳಲ್ಲಿಯೂ ಬಹುಪಾಲು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥವು. ಆದರೆ ಮಲಗಿದಾಗ ಹೆಚ್ಚುವ ನೋವು, ಜೋಮು, ಕಾಲಿನ ಬಲಹೀನತೆ ಇದ್ದರೆ ತಡಮಾಡದೆ ನರರೋಗದ ವೈದ್ಯರಿಗೆ ತೋರಿಸಿ. ಮೂತ್ರ ಕಟ್ಟಿದರೆ, ಹತೋಟಿ ತಪ್ಪಿದರೆ, ಅಂದೇ ಆಸ್ಪತ್ರೆಗೆ ಹೋಗಿ. ಜೋಮುಗಟ್ಟಿದ ಕಾಲಿಗೆ ಬರೆ ಹಾಕಿಸಬೇಡಿ. ಬಿಸಿ ಶಾಖವೂ ಬೇಡ, ಸುಟ್ಟರೂ ತಿಳಿಯದು. ಇದೇ ಬನ್ನಿಮಂಟಪದಲ್ಲಿ 1984ರಿಂದ ವೈದ್ಯಕೀಯ ಕಾಲೇಜಿದೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ.

ಮಠಕ್ಕೆ ಬನ್ನಿ, ಬೇಡವೆನ್ನೆವು. ಮೊದಲು ವೈದ್ಯರಲ್ಲಿಗೆ ಹೋಗಿ, ಆಮೇಲೆ ಬನ್ನಿ. ನಿಮ್ಮ ಕಾಲಿನ ಮೇಲೆಯೇ ನಡೆದು ಬನ್ನಿ. ಎಲ್ಲರಿಗೂ ಶುಭವಾಗಲಿ.