ಪ್ರಯೋಗಶಾಲೆಯಿಂದ ತೊಟ್ಟಿಲಿನವರೆಗೆ

(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ದಿಲ್ಲಿಯಲ್ಲಿ ನೆಲೆಸಿದ ನಮಗೂ ಇಲ್ಲಿನ ಏಮ್ಸ್ ಆಸ್ಪತ್ರೆಗೂ ಬಿಡದ ನಂಟು. ಚಿಕಿತ್ಸೆಗೆಂದು ಊರಿನಿಂದ ಬಂದ ನೆಂಟರಿಷ್ಟರನ್ನು ಕರೆದುಕೊಂಡು ಬೆಳಗಿನ ಜಾವ ಅಲ್ಲಿನ ಸಾಲಿನಲ್ಲಿ ನಿಲ್ಲದವರು ಈ ಸಭೆಯಲ್ಲಿ ವಿರಳ. ಹಾಗೆ ನಿಂತಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡಿದೆ: ಒಳಗೆ ನಡೆಯುವ ಸಂಶೋಧನೆ ಹೊರಗೆ ಸಾಲಿನಲ್ಲಿ ನಿಂತವನನ್ನು ತಲುಪುವುದು ಎಂದು, ಯಾವ ದಾರಿಯಿಂದ? ಇದಕ್ಕೆ ಉತ್ತರವಾಗಿ ಒಂದು ಲಸಿಕೆಯ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಎಳೆಯ ಮಕ್ಕಳಿಗೆ ತೀವ್ರ ವಾಂತಿಭೇದಿಯನ್ನು ತರುವ ವೈರಾಣುಗಳಲ್ಲಿ ರೋಟಾ ವೈರಸ್ ಮುಖ್ಯವಾದುದು. 1980ರ ದಶಕದ ನಡುವೆ ಏಮ್ಸ್‌ನ ಮಕ್ಕಳ ವೈದ್ಯ ಡಾ. ಮಹಾರಾಜ್ ಕಿಶನ್ ಭಾನ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರವನ್ನು ಗಮನಿಸಿದರು. ಕೆಲವು ನವಜಾತ ಶಿಶುಗಳಿಗೆ ಈ ವೈರಾಣು ತಗುಲಿದ್ದರೂ ರೋಗಲಕ್ಷಣಗಳಿರಲಿಲ್ಲ. ಮುಂದೆಯೂ ಆ ಶಿಶುಗಳಲ್ಲಿ ಬೇನೆ ಉಗ್ರವಾಗುತ್ತಿರಲಿಲ್ಲ. ಪ್ರಕೃತಿಯೇ ಲಸಿಕೆ ಹಾಕಿದಂತಿತ್ತು. ಆ ತಳಿಗೆ 116ಇ ಎಂಬ ಹೆಸರಾಯಿತು. ನಮ್ಮ ಬೆಂಗಳೂರಿನಲ್ಲಿಯೂ, ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ದುರ್ಗಾ ರಾವ್ ಅವರ ತಂಡವು ಇದೇ ಬಗೆಯ ಶಿಶುಗಳಿಂದ ಐ321 ಎಂಬ ಇನ್ನೊಂದು ತಳಿಯನ್ನು ಗುರುತಿಸಿತು.

ಆದರೆ ತಳಿ ಸಿಕ್ಕ ಮಾತ್ರಕ್ಕೆ ಔಷಧ ಸಿದ್ಧವಾಗದು. ಕೋಟ್ಯಂತರ ಹನಿಗಳನ್ನು ಒಂದೇ ಗುಣಮಟ್ಟದಲ್ಲಿ ತಯಾರಿಸಿ, ಸೀಸೆಗೆ ತುಂಬಿ, ತಣ್ಣಗಿರಿಸಿ ಸಾಗಿಸುವ ಶಕ್ತಿ ವಿಶ್ವವಿದ್ಯಾಲಯಕ್ಕಿಲ್ಲ. ಆ ಶಕ್ತಿಯುಳ್ಳ ಉದ್ಯಮವಾದರೋ, ಲಾಭದ ಖಾತರಿಯಿಲ್ಲದೆ ಹತ್ತಾರು ವರ್ಷ ಹಣ ತೊಡಗಿಸಲು ಹಿಂಜರಿಯುತ್ತದೆ. ಈ ಕಂದಕವನ್ನು ದಾಟಿಸಿದ್ದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಹೈದರಾಬಾದಿನ ಭಾರತ್ ಬಯೋಟೆಕ್ ಮತ್ತು ವಿದೇಶದ ಕೆಲವು ಸಂಸ್ಥೆಗಳ ಕೂಟ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವೂ ಅದರಲ್ಲಿ ಕೈಜೋಡಿಸಿತ್ತು.

ಎರಡೂ ತಳಿಗಳನ್ನು ಮಕ್ಕಳಲ್ಲಿ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ದಿಲ್ಲಿಯ ತಳಿ ಗೆದ್ದಿತು, ಬೆಂಗಳೂರಿನದು ಹಿಂದೆ ಬಿದ್ದಿತು. ಕನ್ನಡಿಗರಾಗಿ ನಾವು ಇದಕ್ಕೆ ನೊಂದುಕೊಳ್ಳಬೇಕಾಗಿಲ್ಲ. ಸೋತ ತಳಿಯನ್ನೂ ಅದೇ ತಕ್ಕಡಿಯಲ್ಲಿ ತೂಗಿ ನೋಡಿದ್ದರಿಂದಲೇ ಗೆದ್ದದ್ದರ ಮೇಲೆ ನಂಬಿಕೆ ಬಂತು. ಮುಂದೆ ದಿಲ್ಲಿ, ಪುಣೆಯ ಬಳಿಯ ವಢು ಮತ್ತು ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. ತೀವ್ರ ರೋಟಾ ಭೇದಿಯ ಪ್ರಕರಣಗಳು ಅರ್ಧಕ್ಕೂ ಮಿಕ್ಕಿ ತಗ್ಗಿದ್ದು 2013ರಲ್ಲಿ ತಿಳಿದುಬಂತು. ಒಂದು ಡೋಸಿಗೆ ಒಂದು ಡಾಲರ್ ಎಂದು ತಯಾರಕರು ಬೆಲೆಯನ್ನೂ ಸಾರಿದರು. 2016ರಲ್ಲಿ ಒಡಿಶಾ, ಹರಿಯಾಣ, ಹಿಮಾಚಲ ಪ್ರದೇಶ ಮತ್ತು ಆಂಧ್ರಪ್ರದೇಶಗಳಲ್ಲಿ ಸರ್ಕಾರದ ಲಸಿಕಾ ಕಾರ್ಯಕ್ರಮವನ್ನು ಸೇರಿದ ಈ ಲಸಿಕೆಗೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯೂ ದೊರೆಯಿತು. ಪ್ರಯೋಗಶಾಲೆಯಿಂದ ತೊಟ್ಟಿಲನ್ನು ಮುಟ್ಟಲು ಮೂರು ದಶಕಗಳು ಹಿಡಿದಿದ್ದವು.

ಕಥೆಯಲ್ಲಿ ಎಲ್ಲವೂ ಸಿಹಿಯಲ್ಲ. ಸುರಕ್ಷತೆಯ ಅಂಕಿಅಂಶಗಳನ್ನು ಒಂದೊಂದು ಕೇಂದ್ರಕ್ಕೂ ಬಿಡಿಯಾಗಿ ಪ್ರಕಟಿಸಬೇಕೆಂಬ ಬೇಡಿಕೆ ದಿಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೇಳಿದವರನ್ನು ದೇಶದ ವಿಜ್ಞಾನದ ವೈರಿಗಳೆಂದು ನಾನು ತಿಳಿಯಲಾರೆ. ತನ್ನ ಕೂಸಿನ ಬಾಯಿಗೆ ಹನಿ ಹಾಕಿಸಿಕೊಳ್ಳಲು ಒಪ್ಪಿದ ತಾಯಿಗೆ ಲೆಕ್ಕ ಕೇಳುವ ಹಕ್ಕಿದೆ.

ಮೂರು ದಶಕಗಳ ಕಾಲ ಸರ್ಕಾರಿ ಕಡತಗಳ ನಡುವೆ ಬಾಳಿದ ನನ್ನ ಅರಿಕೆ ಇಷ್ಟೆ. ವಿಶ್ವವಿದ್ಯಾಲಯವು ಉದ್ಯಮದೊಡನೆ ಕೈಜೋಡಿಸುವುದನ್ನು ಕಂಡು ಮೂಗು ಮುರಿಯುವುದೂ ಬೇಡ, ಕಣ್ಣು ಮುಚ್ಚಿ ಜಯಕಾರ ಹಾಕುವುದೂ ಬೇಡ. ಸಂಶೋಧನೆಯ ಬೀಜ ಜನರ ತೆರಿಗೆಯಿಂದ ಮೊಳೆತದ್ದು. ಆದುದರಿಂದ ಅದನ್ನು ಹಸ್ತಾಂತರಿಸುವ ಒಪ್ಪಂದದಲ್ಲಿ ರೋಗಿ ತೆರಬೇಕಾದ ಬೆಲೆಯೂ ಫಲಿತಾಂಶಗಳನ್ನು ಬಹಿರಂಗಪಡಿಸುವ ಹೊಣೆಯೂ ಸಹಿಗೆ ಮುನ್ನವೇ ನಿಚ್ಚಳವಾಗಿರಬೇಕು. ಸಹಿಯಾದ ಮೇಲೆ ಕೇಳುವ ಕರುಣೆ ಕರುಣೆಯಾಗಿಯೇ ಉಳಿಯುತ್ತದೆ, ಹಕ್ಕಾಗುವುದಿಲ್ಲ.

ನಮ್ಮ ಮಕ್ಕಳಲ್ಲಿ ಹಲವರು ಇಂದು ದಿಲ್ಲಿ, ಪುಣೆ, ಹೈದರಾಬಾದುಗಳ ಸಂಶೋಧನಾಲಯಗಳಲ್ಲಿಯೂ ಔಷಧ ಕಾರ್ಖಾನೆಗಳಲ್ಲಿಯೂ ಇದ್ದಾರೆ. ಮುಂದೊಂದು ದಿನ ಇಂಥ ಒಪ್ಪಂದದ ಕರಡು ಅವರ ಮೇಜಿಗೂ ಬಂದೀತು. ಆಗ ಅವರು ಒಂದು ಗಳಿಗೆ ಲೇಖನಿಯನ್ನು ತಡೆದು, ಊರಿನ ನೆಂಟರೊಡನೆ ಏಮ್ಸ್‌ನ ಸಾಲಿನಲ್ಲಿ ನಿಂತ ಆ ಮುಂಜಾವನ್ನು ನೆನೆದುಕೊಳ್ಳಲಿ.