ಭೂಗೋಳದ ಪಾಠದಲ್ಲಿ ಇಲ್ಲದ ನೀರು
(ವೆಸ್ಟ್‌ಮೀಡ್‌ನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮೂರು ಕಡೆ ನೀರಿನಿಂದ ಆವೃತವಾದ ಭೂಭಾಗ ಪರ್ಯಾಯ ದ್ವೀಪ. ಎರಡು ಭೂಭಾಗಗಳ ನಡುವೆ ಹಾದು ಎರಡು ಜಲರಾಶಿಗಳನ್ನು ಕೂಡಿಸುವ ಕಿರಿದಾದ ನೀರು ಜಲಸಂಧಿ. ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ಈ ವ್ಯಾಖ್ಯೆಗಳು ಇಂದಿಗೂ ಬಾಯಿಪಾಠವಾಗಿವೆ. ಭೂಗೋಳವೆಂದರೆ ರಾಜಕೀಯವಿಲ್ಲದ ವಿಷಯ ಎಂಬ ನಂಬಿಕೆಯೂ ಆ ಬಾಯಿಪಾಠದ ಜೊತೆಯಲ್ಲೇ ಬಂದದ್ದು. ಇತಿಹಾಸದ ಪಠ್ಯ ಬದಲಾದಾಗ ಪ್ರತಿಭಟಿಸುವವರು ಕೂಡ ಭೂಗೋಳದ ಪಠ್ಯವನ್ನು ತೆರೆದು ನೋಡುವುದು ಅಪರೂಪ. ಬೆಟ್ಟ ಬೆಟ್ಟವೇ, ಹೊಳೆ ಹೊಳೆಯೇ. ಅದರಲ್ಲಿ ಪಕ್ಷಪಾತ ಎಲ್ಲಿಂದ ಬಂತು ಎಂಬುದು ಇದರ ಹಿಂದಿನ ತರ್ಕ. ಈ ತರ್ಕವನ್ನು ಒರೆಗೆ ಹಚ್ಚಲು ವೆಸ್ಟ್‌ಮೀಡ್ ತಕ್ಕ ಸ್ಥಳ.

ನ್ಯೂ ಸೌತ್ ವೇಲ್ಸ್‌ನಲ್ಲಿ 7ರಿಂದ 10ನೇ ತರಗತಿಯವರೆಗೆ ಭೂಗೋಳ ಕಡ್ಡಾಯ. 2015ರ ಪಠ್ಯಕ್ರಮದಲ್ಲಿ 7 ಮತ್ತು 8ನೇ ತರಗತಿಗಳಿಗೆ ಭೂದೃಶ್ಯ ಹಾಗೂ ಭೂಸ್ವರೂಪಗಳ ಕುರಿತು ಒಂದು ಘಟಕ, ಜಗತ್ತಿನ ನೀರಿನ ಕುರಿತು ಇನ್ನೊಂದು ಘಟಕ ಇವೆ. ಇವೆರಡನ್ನೂ ಓದುವ ವೆಸ್ಟ್‌ಮೀಡ್‌ನ ಮಗುವಿಗೆ ಪ್ರಯೋಗಶಾಲೆ ನಡಿಗೆಯ ದೂರದಲ್ಲೇ ಇದೆ. ಟೂಂಗಾಬಿ ಹಳ್ಳ ಮತ್ತು ಡಾರ್ಲಿಂಗ್ ಮಿಲ್ಸ್ ಹಳ್ಳ ಇಲ್ಲಿಯೇ ಕೂಡಿ ಪ್ಯಾರಮಟ್ಟ ನದಿಯಾಗುತ್ತವೆ. ಸ್ವಲ್ಪ ಕೆಳಗೆ, ಚಾರ್ಲ್ಸ್ ಬೀದಿಯ ಒಡ್ಡಿನ ಬಳಿ, ಸಿಹಿನೀರು ಮುಗಿದು ಸಮುದ್ರದ ಉಬ್ಬರವಿಳಿತಕ್ಕೆ ಸಿಗುವ ಉಪ್ಪುನೀರು ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಅದೇ ನದಿ ಸಿಡ್ನಿ ಬಂದರಾಗಿ ಅಗಲವಾಗುತ್ತದೆ.

ಆ ಬಂದರು ಭೂಗೋಳದ ಭಾಷೆಯಲ್ಲಿ ‘ಮುಳುಗಿದ ನದೀಕಣಿವೆ’. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುದಿಯಲ್ಲಿ, ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿ ಸಮುದ್ರ ಏರಿದಂತೆ ಕಣಿವೆ ಮುಳುಗಿತು. ಪಠ್ಯಪುಸ್ತಕದ ವಾಕ್ಯ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಕಣಿವೆ ಮುಳುಗುವಾಗ ಇಲ್ಲಿ ಜನರಿದ್ದರು. ಮೆಲ್ಬರ್ನ್‌ನ ಪೋರ್ಟ್ ಫಿಲಿಪ್ ಕೊಲ್ಲಿ ಒಂದು ಕಾಲಕ್ಕೆ ಬೇಟೆಯಾಡುವ ಒಣನೆಲವಾಗಿತ್ತು, ಆಮೇಲೆ ಸಮುದ್ರ ನುಗ್ಗಿತು ಎಂಬ ನೆನಪನ್ನು ಬೂನ್‌ವುರುಂಗ್ ಜನರ ಮೌಖಿಕ ಪರಂಪರೆ ಉಳಿಸಿಕೊಂಡಿದೆ. ವಿಜ್ಞಾನ ಕೆಸರಿನ ಪದರಗಳಿಂದ ಓದಿದ್ದನ್ನು ಅವರು ಕಥೆಯಾಗಿ ದಾಟಿಸಿದ್ದರು. ಭೂಸ್ವರೂಪಕ್ಕೆ ಸಾಕ್ಷಿಗಳಿದ್ದರು ಎಂದು ಒಪ್ಪಿಕೊಂಡ ಕೂಡಲೇ ‘ಯಾರಿಗೂ ಸೇರದ ನೆಲ’ ಎಂಬ ವಸಾಹತು ವಾದ ಅಲುಗಾಡುತ್ತದೆ. ನ್ಯಾಯಾಲಯ ಆ ವಾದವನ್ನು ಅಧಿಕೃತವಾಗಿ ತಳ್ಳಿಹಾಕಲು 1992ರ ಮಾಬೊ ತೀರ್ಪಿನವರೆಗೆ ಕಾಯಬೇಕಾಯಿತು.

ಕಲ್ಲು ಮಣ್ಣಿನ ಪಾಠವೂ ಅಷ್ಟೇ. 1788ರಲ್ಲಿ ಬಂದ ಬ್ರಿಟಿಷರು ಮೊದಲು ಇಳಿದದ್ದು ಮರಳುಗಲ್ಲಿನ ತೀರದಲ್ಲಿ. ಆ ಬಡ ಮಣ್ಣಿನಲ್ಲಿ ಬೆಳೆ ಬರಲಿಲ್ಲ. ವಸಾಹತಿಗೆ ಹಸಿವಿನ ಭಯ ಹಿಡಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ನದಿಯ ಮೇಲ್ಭಾಗಕ್ಕೆ ಬಂದು ರೋಸ್ ಹಿಲ್ ಎಂಬ ನೆಲೆ ಮಾಡಿದರು. 1791ರಲ್ಲಿ ಅದಕ್ಕೆ ಪ್ಯಾರಮಟ್ಟ ಎಂಬ ಹೆಸರಾಯಿತು. ಧಾರುಗ್ ನಾಡಿನ ಬುರ‍್ರಮಟ್ಟಗಲ್ ಜನರ ಹೆಸರಿನಲ್ಲೇ ಇರುವ ಈ ಪದಕ್ಕೆ ‘ಹಾವುಮೀನುಗಳು ಮಲಗುವ ತಾಣ’ ಎಂದು ಅರ್ಥ ಹೇಳುತ್ತಾರೆ. ಒಳ್ಳೆಯ ಮಣ್ಣು ಇದ್ದುದರಿಂದಲೇ ಅವರ ನೆಲ ಮೊದಲು ಹೋಯಿತು. ಪೆಮುಲ್‌ವುಯ್ ಎಂಬ ಬಿಡ್ಜಿಗಲ್ ಯೋಧ 1797ರಲ್ಲಿ ಟೂಂಗಾಬಿಯ ಸರ್ಕಾರಿ ತೋಟದ ಮೇಲೆ ದಾಳಿ ಮಾಡಿ, ಪ್ಯಾರಮಟ್ಟದಲ್ಲಿ ಸೈನಿಕರನ್ನು ಎದುರಿಸಿದ್ದು ಈ ಮಣ್ಣಿಗಾಗಿಯೇ. ಭೂಪಟದಲ್ಲಿ ಬಣ್ಣದ ಪಟ್ಟಿಯಾಗಿ ಕಾಣುವ ಮಣ್ಣಿನ ವಿಧ ಇತಿಹಾಸದಲ್ಲಿ ಒಂದು ಯುದ್ಧದ ಕಾರಣ.

ಹೆಸರುಗಳ ಕಥೆ ಬೇರೆ. ಮೆಲ್ಬರ್ನ್‌ನ ಯಾರಾ ನದಿಗೆ ಆ ಹೆಸರು ಬಂದದ್ದು 1835ರಲ್ಲಿ, ಸರ್ವೆಯರ್ ಜಾನ್ ವೆಜ್ ಸ್ಥಳೀಯರ ಮಾತನ್ನು ತಪ್ಪಾಗಿ ಗ್ರಹಿಸಿದ್ದರಿಂದ. ವೊಯಿವುರುಂಗ್ ಜನರಿಗೆ ಅದು ಬಿರರಂಗ್. 2017ರಲ್ಲಿ ವಿಕ್ಟೋರಿಯಾ ಶಾಸನಸಭೆ ಆ ನದಿಯನ್ನು ಒಂದು ಜೀವಂತ, ಅಖಂಡ ಘಟಕವೆಂದು ಗುರುತಿಸುವ ಕಾನೂನು ಮಾಡಿತು. ಕಾನೂನಿನ ಶೀರ್ಷಿಕೆಯಲ್ಲೇ ವೊಯಿವುರುಂಗ್ ನುಡಿ ಇದೆ.

ಇದನ್ನೆಲ್ಲ ಕೇಳಿ ತಲೆದೂಗುವುದು ವಲಸಿಗರಿಗೆ ಸುಲಭ, ಅಪರಾಧ ಬೇರೆಯವರದು. ತಮ್ಮೂರಿನ ಭೂಗೋಳಕ್ಕೆ ಅದೇ ಪ್ರಶ್ನೆ ಕೇಳುವುದು ಕಷ್ಟ. ಬಯಲುಸೀಮೆಯ ಕೆರೆ ಪಠ್ಯದಲ್ಲಿ ‘ನೀರಾವರಿಯ ಮೂಲ’. ಅದರ ಏರಿ, ತೂಬು, ಕೋಡಿ, ಕಾಲುವೆಗಳ ಲೆಕ್ಕ ಬಲ್ಲವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನಿರ್ಧರಿಸುತ್ತಿದ್ದ ಈ ಕೆಲಸವನ್ನು ಅನೇಕ ಊರುಗಳಲ್ಲಿ ಮಾಡುತ್ತಿದ್ದವರು ದಲಿತರು. ನೀರಿನ ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಸಮುದಾಯಕ್ಕೇ ಊರಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ‘ಕೆರೆಗೆ ಹಾರ’ದ ಭಾಗೀರಥಿ ಕೆರೆಯಲ್ಲಿ ನೀರು ನಿಲ್ಲಲೆಂದು ಬಲಿಯಾದ ಸೊಸೆ. ಜಾತಿ ಮತ್ತು ಹೆಣ್ಣು, ಎರಡೂ ಆ ಏರಿಯೊಳಗೆ ಹೂತಿವೆ. ಪಠ್ಯದ ಕೆರೆಯಲ್ಲಿ ಮಾತ್ರ ನೀರಷ್ಟೇ ಇದೆ.

ಪಾಠದಿಂದ ಬಿಟ್ಟುಹೋದ ನೀರು ನೆಲದಿಂದಲೂ ಬಿಟ್ಟುಹೋಗುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳು ಮುಳುಗಿದಾಗ ನೀರು ಹೊಸ ದಾರಿಯನ್ನೇನೂ ಹುಡುಕಲಿಲ್ಲ. ಹಳೆಯ ಕೆರೆ, ರಾಜಕಾಲುವೆಗಳ ಜಾಡನ್ನೇ ಹಿಡಿಯಿತು. ಅದೇ ವರ್ಷ ಮಾರ್ಚ್ ಮತ್ತು ಜುಲೈನಲ್ಲಿ ಸಿಡ್ನಿಯ ಪಶ್ಚಿಮದಲ್ಲಿ ಹಾಕ್ಸ್‌ಬರಿ–ನೆಪಿಯನ್ ಕಣಿವೆ ಮುಳುಗಿತು. ಕಾರಣ ಶುದ್ಧ ಭೂಸ್ವರೂಪದ್ದು. ಹಲವು ಉಪನದಿಗಳ ನೀರು ವಿಂಡ್ಸರ್, ರಿಚ್ಮಂಡ್‌ಗಳ ಬಯಲಿಗೆ ಬಂದು ಸೇರುತ್ತದೆ. ಹೊರಹೋಗುವ ದಾರಿ ಮಾತ್ರ ಕಿರಿದಾದ ಕಲ್ಲಿನ ಕಮರಿ. ಕಮರಿ ದಾಟಲಾಗದ ನೀರು ಹಿಂದೆ ಸರಿದು ಬಯಲನ್ನು ತೊಟ್ಟಿಯಂತೆ ತುಂಬುತ್ತದೆ. ಮನೆ ಕೊಳ್ಳುವ ಕನ್ನಡ ಕುಟುಂಬ ಶಾಲೆಯ ರ‍್ಯಾಂಕು, ರೈಲು ನಿಲ್ದಾಣದ ದೂರ, ಬಡ್ಡಿಯ ದರ ವಿಚಾರಿಸುತ್ತದೆ. ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಕೇಳಲು 8ನೇ ತರಗತಿಯ ಭೂಗೋಳವೇ ಸಾಕು. ಆದರೆ ಸೆಲೆಕ್ಟಿವ್ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಭೂಗೋಳವಿಲ್ಲ. ಪರೀಕ್ಷೆಯಲ್ಲಿ ಇಲ್ಲದ್ದಕ್ಕೆ ಮನೆಯಲ್ಲಿ ಬೆಲೆಯೂ ಕಡಿಮೆ.

ಆದ್ದರಿಂದ ಕೇಳಿಕೆ ದೊಡ್ಡದೇನಲ್ಲ. ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಹಣ್ಣು, ಬಣ್ಣ, ಹಬ್ಬಗಳ ಹೆಸರು ಕಲಿಸುವಂತೆ ಹಳ್ಳ, ತೊರೆ, ದಿಣ್ಣೆ, ಕಮರಿ, ಅಳಿವೆ, ತೂಬು, ಕೋಡಿಗಳನ್ನೂ ಕಲಿಸಬಹುದು. ತರಗತಿಯನ್ನು ಒಂದು ದಿನ ಟೂಂಗಾಬಿ ಹಳ್ಳದ ದಡಕ್ಕೆ ಒಯ್ದು, ಆ ನೀರಿಗೆ ಧಾರುಗ್ ಹೆಸರನ್ನೂ ಕನ್ನಡದ ಪದವನ್ನೂ ಒಟ್ಟಿಗೆ ಹೇಳಿಕೊಡಬಹುದು. ಪ್ಯಾರಮಟ್ಟದ ಹಾವುಮೀನು ಮೊಟ್ಟೆಯಿಡಲು ಹವಳ ಸಮುದ್ರದವರೆಗೆ ಈಜುತ್ತದೆ. ಅದರ ಮರಿಗಳು ಪ್ರವಾಹದ ಜೊತೆ ತೇಲಿ ಬಂದು ಮತ್ತೆ ಹೊಳೆಗಳನ್ನು ಹತ್ತುತ್ತವೆ. ಹೊಳೆಯನ್ನೂ ಸಮುದ್ರವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದ ಮಕ್ಕಳಿಗೆ ಅವೆರಡರ ನಂಟು ಆ ದಡದಲ್ಲಿ ಸಿಗುತ್ತದೆ. ಈ ನೀರು ಯಾರದಾಗಿತ್ತು, ಈಗ ಯಾರಿಗೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ ಎಂದು ಮಗು ಕೇಳಿದರೆ, ಉತ್ತರಿಸುವ ಹೊಣೆ ಹಿರಿಯರದು.