ಸಿಪಾಯಿಯನ್ನು ಏನೆಂದು ಕರೆಯಬೇಕು?



ಹಿಂದಿನ ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಅಧಿಕಾರಿಯನ್ನು ಜನರು ಅಮಲ್ದಾರರೆಂದು ಕರೆಯುತ್ತಿದ್ದರು. ಊರಿನ ಲೆಕ್ಕ ಬರೆಯುವವರನ್ನು ಶ್ಯಾನುಭೋಗರೆಂದು ಕರೆಯುತ್ತಿದ್ದರು. ಅಮಲ್ದಾರರ ಸಂಬಳವೆಷ್ಟೆಂಬುದು ಊರಿಗೆಲ್ಲ ತಿಳಿದ ವಿಷಯವಾಗಿದ್ದರೂ, “ಇನ್ನೂರು ರೂಪಾಯಿಯವರು ಬಂದರು, ಕುರ್ಚಿ ಹಾಕಿರಿ” ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಕೇಳಿದವರು ನಗುತ್ತಿದ್ದರು; ಅಮಲ್ದಾರರು ಮಾತ್ರ ನಗುತ್ತಿರಲಿಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸೇನೆಯಲ್ಲಿ ಇದಕ್ಕೆ ತೀರ ಸಮೀಪವಾದ ಒಂದು ರೂಢಿಯುಂಟು. ಒಬ್ಬ ಸೈನಿಕನ ವಿಷಯವಾಗಿ ಮಾತು ಬಂದಾಗ “ಅವನು ಇ-5”, “ಇವನು ಇ-7” ಎಂದು ಅಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಇವು ಪದವಿಯ ಹೆಸರುಗಳಲ್ಲ, ಸಂಬಳದ ದರ್ಜೆಗಳು. ‘ಇ’ ಎಂದರೆ ಸಾಮಾನ್ಯ ಸೈನಿಕನೂ ಅವನ ಮೇಲಿನ ಸಾರ್ಜೆಂಟನೂ ಸೇರಿದ ವರ್ಗ. ‘ಡಬ್ಲ್ಯೂ’ ಎಂದರೆ ವಾರಂಟ್ ಆಫೀಸರು. ‘ಓ’ ಎಂದರೆ ಕಮಿಷನ್ ಪಡೆದ ಅಧಿಕಾರಿ. 1949ರಲ್ಲಿ ಅಲ್ಲಿಯ ಶಾಸನಸಭೆಯು ಸೇನೆಯ ವೇತನವನ್ನು ಕುರಿತು ಮಾಡಿದ ಕಾನೂನಿನಿಂದ ಈ ಏರ್ಪಾಡು ನೆಲೆಗೊಂಡಿತು. ಇ-8, ಇ-9 ಎಂಬ ಮೇಲಿನ ಎರಡು ದರ್ಜೆಗಳು 1958ರಲ್ಲಿ ಸೇರಿದುವು.

ಈ ಅಂಕಿಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ಭೂಸೇನೆಯ ಕ್ಯಾಪ್ಟನ್ ಓ-3. ನೌಕಾಬಲದ ಕ್ಯಾಪ್ಟನ್ ಓ-6, ಎಂದರೆ ಭೂಸೇನೆಯ ಕರ್ನಲ್‌ಗೆ ಸಮಾನ. ಭೂಸೇನೆಯ ಸ್ಟಾಫ್ ಸಾರ್ಜೆಂಟ್ ಇ-6 ಆದರೆ, ಅದೇ ಹೆಸರಿನ ವಾಯುಸೇನೆಯವನು ಇ-5. ಭಾರತದಲ್ಲಿಯೂ ಒಂದೇ ‘ಕ್ಯಾಪ್ಟನ್’ ಶಬ್ದವು ಭೂಸೇನೆಯಲ್ಲಿ ಕಿರಿಯ ಅಧಿಕಾರಿಗೂ ನೌಕಾಪಡೆಯಲ್ಲಿ ಹಿರಿಯ ಅಧಿಕಾರಿಗೂ ಸಲ್ಲುತ್ತದೆ. ಬೇರೆ ಬೇರೆ ಬಲಗಳವರು ಕೂಡಿ ಕೆಲಸಮಾಡುವಲ್ಲಿ ಯಾರು ಯಾರಿಗೆ ಸಮಾನರೆಂದು ತಿಳಿಯುವುದಕ್ಕೆ, ಮುಖ್ಯವಾಗಿ ಬಟವಾಡೆಯ ಗುಮಾಸ್ತೆಗೆ, ಅಂಕಿಯೇ ಸುಲಭ. ಆದರೆ ಗುಮಾಸ್ತೆಯ ಅನುಕೂಲಕ್ಕಾಗಿ ಹುಟ್ಟಿದ್ದು ಮನುಷ್ಯನ ಹೆಸರಿನ ಜಾಗಕ್ಕೆ ಬಂದು ಕುಳಿತರೆ ಆಗುವ ನಷ್ಟವೇನೆಂಬುದನ್ನು ನೋಡಬೇಕು.

ಅಮೆರಿಕದ ಭೂಸೇನೆಯಲ್ಲಿ ಇ-4 ಎಂಬ ಒಂದೇ ದರ್ಜೆಯಲ್ಲಿ ಇಬ್ಬರು ಇದ್ದಾರೆ. ಒಬ್ಬನು ಸ್ಪೆಷಲಿಸ್ಟ್, ಇನ್ನೊಬ್ಬನು ಕಾರ್ಪೊರಲ್. ಇಬ್ಬರಿಗೂ ಮೂಲ ವೇತನದ ದರ ಒಂದೇ. ಆದರೆ ಸ್ಪೆಷಲಿಸ್ಟನು ತನ್ನ ಕೆಲಸ ಬಲ್ಲವನು. ಕಾರ್ಪೊರಲನು ಇತರರನ್ನು ನಡೆಸುವ ಹೊಣೆ ಹೊತ್ತವನು, ಭಾರತ ಸೇನೆಯ ನಾಯಕನಿಗೆ ಸಮಾನ. ಮೂರು ನಾಲ್ಕು ಮಂದಿಯ ತುಕಡಿಯು ಗುಂಡಿನ ಎದುರಿನಲ್ಲಿ ನಿಂತಾಗ, ಯಾರ ಮಾತು ಕೇಳಬೇಕೆಂಬ ಪ್ರಶ್ನೆಗೆ ‘ಇ-4’ ಎಂಬ ಉತ್ತರದಿಂದ ಏನೂ ತಿಳಿಯದು. ಹಾಗೆಯೇ ಇ-8 ದರ್ಜೆಯಲ್ಲಿ ಮಾಸ್ಟರ್ ಸಾರ್ಜೆಂಟನೂ ಉಂಟು, ಫಸ್ಟ್ ಸಾರ್ಜೆಂಟನೂ ಉಂಟು. ಎರಡನೆಯವನ ತೋಳಿನ ಪಟ್ಟಿಗಳ ನಡುವೆ ವಜ್ರಾಕೃತಿಯ ಒಂದು ಗುರುತಿರುತ್ತದೆ. ಇಡೀ ಕಂಪನಿಯ ಸೈನಿಕರ ಶಿಸ್ತು, ಯೋಗಕ್ಷೇಮ, ಮನೆಯ ತಾಪತ್ರಯ ಎಲ್ಲವೂ ಬಂದು ನಿಲ್ಲುವುದು ಅವನ ಬಾಗಿಲಿನಲ್ಲಿ. ಆ ಗುರುತಿಗೆ ಸಂಬಳದ ಪಟ್ಟಿಯಲ್ಲಿ ಬೇರೆ ಅಂಕಿಯಿಲ್ಲ.

ಸೈನಿಕರೇ ಈ ಭೇದವನ್ನು ಬಹಳ ಹಿಂದೆ ಕಂಡುಕೊಂಡಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1948ರ ವರೆಗೆ, ಅಲ್ಲಿಯ ಭೂಸೇನೆಯಲ್ಲಿ ‘ನಾಲ್ಕನೆಯ ದರ್ಜೆಯ ಟೆಕ್ನಿಷಿಯನ್’, ‘ಐದನೆಯ ದರ್ಜೆಯ ಟೆಕ್ನಿಷಿಯನ್’ ಎಂಬ ಪದವಿಗಳಿದ್ದುವು. ಕಾಗದದ ಮೇಲೆ ಎಷ್ಟೇ ದರ್ಜೆ ಬರೆದಿರಲಿ, ಬಾಯಿಮಾತಿನಲ್ಲಿ ಮೊದಲನೆಯವನು ಸಾರ್ಜೆಂಟನೇ, ಎರಡನೆಯವನು ಕಾರ್ಪೊರಲನೇ. 1955ರಲ್ಲಿ ಹುಟ್ಟಿದ ಸ್ಪೆಷಲಿಸ್ಟ್ ಪದವಿಗಳಿಗೂ ಮೊದಲು ಅಂಕಿಯ ಬಾಲವಿತ್ತು. ಒಂದೊಂದಾಗಿ ಅವುಗಳನ್ನು ತೆಗೆದುಹಾಕಿ, 1985ರಲ್ಲಿ ಉಳಿದ ಒಂದಕ್ಕೆ ಬರಿಯ ಸ್ಪೆಷಲಿಸ್ಟ್ ಎಂಬ ಹೆಸರೇ ನಿಂತಿತು.

ಇನ್ನು ಮುಖಾಮುಖಿ ಕರೆಯುವ ರೀತಿ. ಭೂಸೇನೆಯಲ್ಲಿ ಸಾರ್ಜೆಂಟ್, ಸ್ಟಾಫ್ ಸಾರ್ಜೆಂಟ್, ಸಾರ್ಜೆಂಟ್ ಫಸ್ಟ್ ಕ್ಲಾಸ್ ಈ ಮೂವರನ್ನೂ ‘ಸಾರ್ಜೆಂಟ್’ ಎಂದರೆ ಸಾಕು. ಮೆರೀನ್ ದಳದಲ್ಲಿ ಹಾಗೆ ಮೊಟಕುಮಾಡಿದರೆ ಸಲ್ಲದು. ಪೂರ್ತಿ ಹೆಸರು ಬೇಕು. ನೌಕಾಬಲದ ಇ-7 ಆದ ಚೀಫ್ ಪೆಟಿ ಆಫೀಸರನು ‘ಚೀಫ್’. ಇವರಲ್ಲಿ ಯಾರನ್ನಾದರೂ ಹೊರಗಿನವರು ಗೌರವಕ್ಕೆಂದು ‘ಸರ್’ ಎಂದರೆ ಅವರು ಮುಖ ಹುಳಿಮಾಡಿಕೊಳ್ಳುವುದುಂಟು; ಅದು ಕಮಿಷನ್ ಪಡೆದವರಿಗೆ ಸಲ್ಲತಕ್ಕ ಮಾತೆಂದು ಅವರ ಭಾವನೆ.

ಹೆಸರಿಗೆ ಅಂಟಿಕೊಂಡಿರುವ ಅಭಿಮಾನವು ಎಷ್ಟು ಬಲವಾದುದೆಂಬುದು 2016ರಲ್ಲಿ ಪ್ರಕಟವಾಯಿತು. ಅಮೆರಿಕದ ನೌಕಾಬಲದಲ್ಲಿ ನಾವಿಕನಿಗೆ ದರ್ಜೆಯೊಂದಿಗೆ ಕಸುಬಿನ ಹೆಸರೂ ಇರುತ್ತದೆ: ಲಂಗರು ಹಗ್ಗಗಳನ್ನು ನೋಡಿಕೊಳ್ಳುವವನು ಬೋಸನ್ಸ್ ಮೇಟ್, ಫಿರಂಗಿಯವನು ಗನ್ನರ್ಸ್ ಮೇಟ್, ರೋಗಿಗಳನ್ನೂ ಗಾಯಾಳುಗಳನ್ನೂ ನೋಡುವವನು ಹಾಸ್ಪಿಟಲ್ ಕೋರ್ಮನ್. ಆ ವರ್ಷದ ಸೆಪ್ಟೆಂಬರಿನಲ್ಲಿ ಮೇಲಧಿಕಾರಿಗಳು ಇಂಥ 91 ಹೆಸರುಗಳನ್ನು ಒಂದೇ ಏಟಿಗೆ ರದ್ದುಮಾಡಿ, ಕಸುಬಿಗೆ ಅಕ್ಷರ ಅಂಕಿಗಳ ಸಂಕೇತವನ್ನು ಗೊತ್ತುಮಾಡಿದರು. ಒಂದು ಕಸುಬಿನಿಂದ ಇನ್ನೊಂದಕ್ಕೆ ಹೋಗುವುದು ಸುಲಭವಾಗಲಿ ಎಂಬುದು ಉದ್ದೇಶ, ಉದ್ದೇಶ ಕೆಟ್ಟದ್ದಲ್ಲ. ಆದರೆ ನಾವಿಕರೂ ನಿವೃತ್ತರೂ ಕೆರಳಿದರು. ಅಧ್ಯಕ್ಷರಿಗೆ ಸಲ್ಲಿಸಿದ ಮನವಿಗೆ ಲಕ್ಷಕ್ಕಿಂತ ಹೆಚ್ಚು ಮಂದಿ ಸಹಿ ಮಾಡಿದರು. ಮೂರು ತಿಂಗಳು ತುಂಬುವುದರೊಳಗಾಗಿ, ಡಿಸೆಂಬರಿನಲ್ಲಿ, ಹಳೆಯ ಹೆಸರುಗಳು ಹಿಂದಕ್ಕೆ ಬಂದುವು. ಸಂಬಳದಲ್ಲಿ ಒಂದು ಕಾಸು ಕಡಿಮೆಯಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಮೆರೀನ್ ಸಿಪಾಯಿಗಳಂತೂ ತಮ್ಮೊಂದಿಗೆ ರಣರಂಗಕ್ಕೆ ಬರುವ ಕೋರ್ಮನನ್ನು ‘ಡಾಕ್’ ಎಂದು, ಎಂದರೆ ಡಾಕ್ಟರೆಂದು, ಕರೆಯುತ್ತಾರೆ. ಅವನು ವೈದ್ಯಶಾಸ್ತ್ರದ ಪದವೀಧರನಲ್ಲ. ಗಾಯಗೊಂಡವನು ಕೂಗುವುದು ಮಾತ್ರ ಅದೇ ಹೆಸರನ್ನು.

ಭಾರತದಲ್ಲಿಯೂ ಸೈನಿಕರ ವೇತನಕ್ಕೆ ಅಂಕಿಗಳುಂಟು. ಏಳನೆಯ ವೇತನ ಆಯೋಗದ ಕೋಷ್ಟಕದಲ್ಲಿ, 2016ರಿಂದ, ಸಿಪಾಯಿ 3ನೆಯ ಮಟ್ಟ, ನಾಯಕ್ 4, ಹವಾಲ್ದಾರ್ 5, ಸುಬೇದಾರ್ 7, ಹೊಸದಾಗಿ ಬಂದ ಲೆಫ್ಟಿನೆಂಟ್ 10. ಇಷ್ಟು ನೋಡಿದವನು, ಹತ್ತರವನು ಏಳರವನನ್ನು ಹೆಸರು ಹಿಡಿದು ಕೂಗಬಹುದೆಂದು ತಿಳಿದಾನು. ಸಂಗತಿ ಬೇರೆ. ಇಪ್ಪತ್ತೆರಡು ವರ್ಷದ ಲೆಫ್ಟಿನೆಂಟನು, ತನಗಿಂತ ಎರಡು ಪಾಲು ವಯಸ್ಸಾದ ಆ ಸುಬೇದಾರನನ್ನು ‘ಸಾಹೇಬ್’ ಎಂದೇ ಸಂಬೋಧಿಸಬೇಕು. ಸುಬೇದಾರನೂ ಅವನಿಗೆ ಸೆಲ್ಯೂಟು ಮಾಡಿ ‘ಸಾಹೇಬ್’ ಎನ್ನುತ್ತಾನೆ. 1918ರಲ್ಲಿ ಹೈಫಾ ನಗರದ ಮೇಲೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್‌ನಂಥ ಕುದುರೆದಳಗಳ ರಿಸಾಲ್ದಾರ, ದಫೇದಾರ, ಸವಾರ ಎಂಬ ಹೆಸರುಗಳು ಇಂದಿನ ಟ್ಯಾಂಕುಗಳ ರೆಜಿಮೆಂಟುಗಳಲ್ಲಿಯೂ ನಡೆಯುತ್ತಿವೆ. ಕುದುರೆ ಹೋಯಿತು, ಸವಾರ ಉಳಿದಿದ್ದಾನೆ.

ನಿಮ್ಮ ಬಂಧುಬಳಗದಲ್ಲಿ ಸೈನ್ಯಕ್ಕೆ ಸೇರಿದವರಿದ್ದು, ಮುಂದೆ ಅವರಿಗೆ ಕಾಗದ ಬರೆಯುವ ಸಂದರ್ಭ ಬಂದರೆ, ಲಕೋಟೆಯ ಮೇಲೆ ಹೆಸರಿನ ಹಿಂದೆ ಪದವಿಯನ್ನು ಪೂರ್ತಿಯಾಗಿ ಬರೆಯಿರಿ. ಗೊತ್ತಿಲ್ಲವಾದರೆ ಮನೆಯವರನ್ನು ಕೇಳಿರಿ. ಲ್ಯಾನ್ಸ್ ನಾಯಕನಾಗಿದ್ದವನು ಕಳೆದ ತಿಂಗಳು ನಾಯಕನಾಗಿರಬಹುದು. ಆ ಸುದ್ದಿ ಅವನ ತಾಯಿಗೆ ಚೆನ್ನಾಗಿ ತಿಳಿದಿರುತ್ತದೆ.